ಕಾರವಾರ ಬೀಚಿನ ಹತ್ತಿರದ ಸೈನಿಕರ ಪ್ರತಿಮೆ ಯಾರದು? ಎಷ್ಟು ಜನ ಶತ್ರುಗಳನ್ನು ಹೊಡೆದಿದ್ದರು?

ಅದು ಮೇಜರ್ ರಾಮಾ ರಾಘೋಬಾ ರಾಣೆ ಅವರದು. ಊರು ಚೆಂಡಿಯಾ, ಕಾರವಾರದಿಂದ ಅಂಕೋಲಾ ಕಡೆ ಹೋಗುವಾಗ ಸಿಗುತ್ತದೆ. ಪರಮವೀರ ಚಕ್ರ ಪಡೆದವರು. ಆದರೆ ಹೊಡೆದ ಲೆಕ್ಕಕ್ಕೆ ಬಂದ ಪದಕ ಅಲ್ಲ ಅದು, ದಾರಿ ಮಾಡಿಕೊಟ್ಟಿದ್ದಕ್ಕೆ ಬಂದದ್ದು. ನಾನೂ ಅವರದೇ ಬಾಂಬೆ ಸ್ಯಾಪರ್ಸ್‌ನಲ್ಲಿ (ಸೈನ್ಯದ ಇಂಜಿನಿಯರ್ ಪಡೆ) ಹವಾಲ್ದಾರ್ ಆಗಿದ್ದವನು. ಸ್ವಲ್ಪ ಜಾಸ್ತಿ ಬರೆದರೆ ಸಹಿಸಿಕೊಳ್ಳಿ.

1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ಬರ್ಮಾ ಯುದ್ಧ ನೋಡಿದರು. 1948ರ ಏಪ್ರಿಲ್‌ನಲ್ಲಿ ಅಧಿಕಾರಿಯಾಗಿ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ. ಆಗ ಜಮ್ಮು-ಕಾಶ್ಮೀರದಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ನಮ್ಮ ಟ್ಯಾಂಕುಗಳು ಅಲ್ಲಿನ ನೌಶೇರಾದಿಂದ ರಜೌರಿಗೆ ಹೋಗಬೇಕಿತ್ತು. ದಾರಿಯಲ್ಲಿ ನೆಲದಡಿ ಹುಗಿದ ಸ್ಫೋಟಕ, ಅಂದರೆ ಮೈನು, ಅಡ್ಡ ಕೆಡವಿದ ಪೈನ್ ಮರ, ಮೇಲಿನಿಂದ ಗುಂಡು. 8ನೇ ತಾರೀಕು ಕೆಲಸ ಶುರುವಾಗುತ್ತಲೇ ಮಾರ್ಟರ್ ಬಿತ್ತು. ಇಬ್ಬರು ಸತ್ತರು, ಐವರಿಗೆ ಗಾಯ, ಅದರಲ್ಲಿ ರಾಣೆಯವರೂ ಒಬ್ಬರು. ಆದರೂ 11ರವರೆಗೆ ಅವರು ಕೆಲಸ ಬಿಡಲಿಲ್ಲ. ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ, ಹಗ್ಗ ಎಳೆದು ಡ್ರೈವರ್‌ಗೆ ಸನ್ನೆ ಕೊಡುತ್ತಾ ಮೈನು ತೆಗೆದರು ಅಂತ ನಮಗೆ ಟ್ರೇನಿಂಗ್‌ನಲ್ಲಿ ಹೇಳುತ್ತಿದ್ದರು. ಮೈನಿನ ಕೆಲಸ ಮಾಡಿದವನಿಗೆ ಗೊತ್ತು, ಅಲ್ಲಿ ಆವೇಶ ಬಂದರೆ ಕೆಟ್ಟಿತು. ಕೈ ನಿಧಾನ ಇರಬೇಕು. ಗುಂಡು ಬೀಳುವಾಗ ನಿಧಾನ ಇರುವುದು ಸುಮ್ನೆ ಮಾತಲ್ಲ! 12ನೇ ತಾರೀಕು ರಜೌರಿ ನಮ್ಮ ಕೈಗೆ ಬಂತು.

1994ರಲ್ಲಿ ತೀರಿಕೊಂಡರು. ಪ್ರತಿಮೆ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಪಕ್ಕದಲ್ಲಿದೆ. ಬಂದವರು ಹಡಗಿನ ಜೊತೆ ಫೋಟೊ ತೆಗೆದುಕೊಂಡು ಹೋಗಿಬಿಡುತ್ತಾರೆ, ಅದೊಂದು ಬೇಸರ.

ನಿವೃತ್ತಿ ಆದಮೇಲೆ ಮಾಜಿ ಸೈನಿಕರು ಏನು ಮಾಡುತ್ತೀರಿ ಅಂತಲೂ ಕೇಳಿದ್ದೀರಿ. ಬೇರೆಯವರದು ಗೊತ್ತಿಲ್ಲ, ನನಗೆ ನವೆಂಬರ್ ಬಂದರೆ ಪುರುಸೊತ್ತಿಲ್ಲ. ಪಿಂಚಣಿ ಈಗ ಸ್ಪರ್ಶ್ ಎಂಬ ಸೈನಿಕರ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ, ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಗದ್ದೆ ಕೆಲಸ, ಬಲೆ ಎಳೆಯುವ ಕೆಲಸ ಮಾಡಿದವರ ಬೆರಳಚ್ಚು ಸವೆದುಹೋಗಿರುತ್ತದೆ, ಮಷೀನು ಒಪ್ಪುವುದಿಲ್ಲ. ಅವರನ್ನು ನಮ್ಮ ಜಗಲಿಯಲ್ಲಿ ಕೂರಿಸಿ ಫೋನಿನಲ್ಲಿ ಮುಖ ತೋರಿಸಿ ಮಾಡಿಸುತ್ತೇನೆ. ಇನ್ನೂ ಕಷ್ಟ ಎಂದರೆ ಹೆಸರು. ಸೈನ್ಯದ ದಾಖಲೆಯಲ್ಲಿ ಹೆಂಡತಿ ‘ಲಕ್ಷ್ಮಿ’, ಆಧಾರ್‌ನಲ್ಲಿ ‘ಲಕ್ಷ್ಮೀಬಾಯಿ’. ಹೆಸರು ಹೊಂದದಿದ್ದರೆ ಗಂಡ ಹೋದಮೇಲೆ ಆಕೆಯ ಪಿಂಚಣಿಗೆ ತೊಡಕು. ಗಂಡ ಬದುಕಿರುವಾಗಲೇ ಸರಿ ಮಾಡಿಸಿ ಅಂದರೆ, ಯಾಕೋ ತಮ್ಮಾ, ನನ್ನನ್ನು ಬೇಗ ಕಳಿಸುತ್ತೀಯಾ ಅಂತ ನಗುತ್ತಾರೆ. ಆಮೇಲೆ ಆ ಅಕ್ಕ ಒಬ್ಬಳೇ ಕಾಗದದ ಕಟ್ಟು ಹಿಡಿದು ನಮ್ಮ ಮೆಟ್ಟಿಲು ಹತ್ತುತ್ತಾಳೆ.