ಎಲೆಕ್ಟ್ರಿಕ್ ಸ್ಕೂಟರ್ ಕಳುವಾದರೆ ಪತ್ತೆ ಹಚ್ಚಲು ಯಾವ ಟ್ರ್ಯಾಕರ್ ಒಳ್ಳೆಯದು, ಎಲ್ಲಿ ಅಡಗಿಸಬೇಕು?

ಸಿಮ್ ಇರುವ ಜಿಪಿಎಸ್ ಟ್ರ್ಯಾಕರ್‌ಗೇ ನನ್ನ ಮತ. ಆ್ಯಪಲ್ ಕಂಪನಿಯ ಪುಟ್ಟ ಟ್ರ್ಯಾಕರ್ ಏರ್‌ಟ್ಯಾಗ್‌ಗೆ ತಿಂಗಳ ಶುಲ್ಕವಿಲ್ಲ, ನಾಣ್ಯದಂಥ ಅದರ ಸೆಲ್ ಸುಮಾರು ಒಂದು ವರ್ಷ ಬಾಳುತ್ತದೆ, ನಿಜ. ಆದರೆ ಅದರೊಳಗೆ ಜಿಪಿಎಸ್ ಇಲ್ಲ. ಹತ್ತಿರದಲ್ಲಿ ಯಾರದ್ದಾದರೂ ಐಫೋನ್ ಹಾದುಹೋದರಷ್ಟೇ ಜಾಗ ತಿಳಿಯುತ್ತದೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಸರಿ, ಊರಾಚೆಯ ಕೊಟ್ಟಿಗೆಯಲ್ಲಿ ಕಷ್ಟ. ಮೇಲಾಗಿ, ಅಪರಿಚಿತ ಟ್ಯಾಗ್ ಜೊತೆಗಿದೆ ಎಂಬ ಎಚ್ಚರಿಕೆ ಕಳ್ಳನ ಮೊಬೈಲ್‌ಗೇ ಹೋಗಬಹುದು.

ಸೀಟಿನ ಕೆಳಗೆ ದಯವಿಟ್ಟು ಇಡಬೇಡಿ, ಯಾರಾದರೂ ಮೊದಲು ತಡಕುವ ಜಾಗ ಅದು. ಲೋಹದ ಪೆಟ್ಟಿಗೆಯೂ ಬೇಡ, ಸಿಗ್ನಲ್ ಸಿಗುವುದಿಲ್ಲ. ಮುಂಭಾಗದ ಪ್ಲಾಸ್ಟಿಕ್ ಕವಚ ಬಿಚ್ಚಿಸಿ, ವೈರುಗಳ ನಡುವೆ ಕಪ್ಪು ಟೇಪು ಸುತ್ತಿ ಕೂರಿಸಿ. ನೋಡಿದವರಿಗೆ ಅದೂ ಒಂದು ವೈರಿನ ಗಂಟು. ಸ್ಕೂಟರಿನ ಬ್ಯಾಟರಿ ಕಿತ್ತರೂ ನಡೆಯುವಂತೆ ಟ್ರ್ಯಾಕರ್‌ಗೆ ಸ್ವಂತ ಬ್ಯಾಟರಿ ಇರಲೇಬೇಕು. ಜಾಗ ಗೊತ್ತಾದರೆ ಒಬ್ಬರೇ ಹೋಗಬೇಡಿ, 112ಕ್ಕೆ ಕರೆ ಮಾಡಿ.