ರಿಟರ್ನ್ ಪಾತ್: ಸಮ ಇರಬೇಕಾದುದು ಔಟ್‌ಪುಟ್ ಅಲ್ಲ, ಇನ್‌ಪುಟ್

ಕೇಬಲ್ ಇಂಟರ್ನೆಟ್ ಜಾಲದ ಒಂದು ನೋಡ್‌ನ (ಫೈಬರ್ ಮುಗಿದು ತಾಮ್ರದ ಕೇಬಲ್ ಶುರುವಾಗುವ ಪೆಟ್ಟಿಗೆ) ಕೆಳಗಿರುವ ನಾಲ್ಕೂ ಆಂಪ್ಲಿಫೈಯರ್‌ಗಳ ರಿಟರ್ನ್ (ಮನೆಗಳಿಂದ ಹಿಂದಕ್ಕೆ ಬರುವ ಸಿಗ್ನಲ್) ಔಟ್‌ಪುಟ್ಟನ್ನು ಸರಿಸಮವಾಗಿ ಇಟ್ಟಿದ್ದರೂ ದೂರದ ಆಂಪ್ಲಿಫೈಯರಿನ ಮನೆಗಳಲ್ಲಿ ಸಂಜೆಯಾದರೆ ಮೋಡೆಮ್ ಕಡಿದು ಹೋಗುವುದೇಕೆ ಎಂದು ಕೇಳಿದ್ದೀರಿ. ಕಾಸರಗೋಡಿನ ಬದಿಯಡ್ಕ, ನೀರ್ಚಾಲು ಕಡೆಯ ಜಾಲದಲ್ಲಿ ಇದೇ ಕೆಲಸ ಮಾಡುವವನಾದ ನನಗೆ ನಿಮ್ಮ ತೊಂದರೆಯ ಬೇರು ಆ 'ಸರಿಸಮ ಔಟ್‌ಪುಟ್'ನಲ್ಲಿಯೇ ಕಾಣುತ್ತದೆ.

ಮನೆಗಳಿಗೆ ಹೋಗುವ ಸಿಗ್ನಲ್‌ನಲ್ಲಿ ನಾವು ಔಟ್‌ಪುಟ್ ನೋಡಿ ಲೆವೆಲ್ ಇಡುತ್ತೇವೆ. ಮನೆಗಳಿಂದ ಹಿಂದಕ್ಕೆ ಬರುವ 5ರಿಂದ 65 ಮೆಗಾಹರ್ಟ್ಸ್‌ನ ಸಿಗ್ನಲ್‌ಗೆ ಲೆಕ್ಕ ತಿರುಗುಮುರುಗು: ಪ್ರತಿ ಆಂಪ್ಲಿಫೈಯರಿನ ಪೋರ್ಟಿಗೆ ಬಂದು ತಲುಪುವ ಲೆವೆಲ್ ಒಂದೇ ಇರಬೇಕು, ಔಟ್‌ಪುಟ್ ಮಾತ್ರ ಮುಂದಿನ ಕೇಬಲ್ ಎಷ್ಟು ನುಂಗುತ್ತದೆಯೋ ಅದಕ್ಕೆ ತಕ್ಕಂತೆ ಬೇರೆಬೇರೆ ಇರಬೇಕು. 55 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-11 ಕೇಬಲ್ ನೂರು ಮೀಟರಿಗೆ ಸುಮಾರು 3 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಏರಿಳಿತದ ಅಳತೆ) ತಿನ್ನುತ್ತದೆ. ಒಂದು ಆಂಪ್ಲಿಫೈಯರ್ ನೋಡ್‌ನಿಂದ 80 ಮೀಟರ್, ಇನ್ನೊಂದು 300 ಮೀಟರ್ ದೂರದಲ್ಲಿದ್ದು ಎರಡರ ಔಟ್‌ಪುಟ್ಟೂ ಒಂದೇ ಆಗಿದ್ದರೆ, ನೋಡ್ ತಲುಪುವಾಗ ಅವುಗಳ ನಡುವೆ 7 ಡಿಬಿಯಷ್ಟು ಅಂತರ ಬಿದ್ದಿರುತ್ತದೆ. ಹೆಡ್‌ಎಂಡಿನ (ಜಾಲದ ಮೂಲ ಕೇಂದ್ರದ) ಸಿಎಂಟಿಎಸ್, ಅಂದರೆ ಮೋಡೆಮ್‌ಗಳನ್ನು ನಿಯಂತ್ರಿಸುವ ಯಂತ್ರ, ಎಲ್ಲ ಮೋಡೆಮ್‌ಗಳೂ ತನ್ನಲ್ಲಿಗೆ ಒಂದೇ ಲೆವೆಲ್‌ನಲ್ಲಿ ಬರಬೇಕೆಂದು ಪಟ್ಟುಹಿಡಿಯುವುದರಿಂದ, ದೂರದ ಮೋಡೆಮ್‌ಗಳು ಪವರ್ ಏರಿಸುತ್ತಾ ಹೋಗಿ ತಮ್ಮ ಮಿತಿಗೆ ಮುಟ್ಟಿ ನಿಲ್ಲುತ್ತವೆ.

ಕೆಲಸವನ್ನು ಫೈಬರಿನಿಂದಲೇ ಶುರುಮಾಡಿರಿ. ನೋಡ್‌ನ ರಿಟರ್ನ್ ಲೇಸರಿಗೆ ತಯಾರಕರು ಹೇಳಿದ ಇನ್‌ಪುಟ್ಟನ್ನೇ ಕೊಡಿರಿ. ಹೆಚ್ಚಾದರೆ ಲೇಸರ್ ಕ್ಲಿಪ್ ಆಗಿ (ಅಲೆಯ ತುದಿ ಕತ್ತರಿಸಿ ಹೋಗಿ) ಇಡೀ ಬ್ಯಾಂಡ್ ಕೆಡುತ್ತದೆ, ಕಡಿಮೆಯಾದರೆ ಸಿಗ್ನಲ್ ಲೇಸರಿನ ನಾಯ್ಸ್‌ನಲ್ಲಿ (ಬೇಡದ ಗದ್ದಲದಲ್ಲಿ) ಮುಳುಗುತ್ತದೆ. ಫೈಬರಿನಲ್ಲಿ 1 ಡಿಬಿ ವ್ಯತ್ಯಾಸವಾದರೆ ಆರ್‌ಎಫ್‌ನಲ್ಲಿ (ಕೇಬಲಿನ ರೇಡಿಯೊ ಸಿಗ್ನಲ್‌ನಲ್ಲಿ) ಅದು 2 ಡಿಬಿ ಆಗಿ ಕಾಣುತ್ತದೆ. ಅದನ್ನು ಹೆಡ್‌ಎಂಡ್ ರಿಸೀವರಿನ ಪ್ಯಾಡ್‌ನಿಂದ (ಸಿಗ್ನಲ್ ತಗ್ಗಿಸುವ ಬಿಡಿಭಾಗ) ಸರಿಪಡಿಸಬೇಕೇ ಹೊರತು ನೋಡ್‌ನಲ್ಲಿ ಅಲ್ಲ.

ಬಳಿಕ ನೋಡ್‌ನಿಂದ ಹೊರಮುಖವಾಗಿ ಸಾಗಿರಿ. ನಮ್ಮಲ್ಲಿ ಪೋರ್ಟಿನ ಲೆವೆಲ್ 17 ಡಿಬಿಎಂವಿ (ಒಂದು ಮಿಲಿವೋಲ್ಟಿಗೆ ಹೋಲಿಸಿದ ಡಿಬಿ) ಎಂದು ಇಟ್ಟುಕೊಂಡಿದ್ದೇವೆ. ಟೆಸ್ಟ್ ಪಾಯಿಂಟ್ 20 ಡಿಬಿ ತಗ್ಗಿಸುವುದರಿಂದ 10 ಮತ್ತು 60 ಮೆಗಾಹರ್ಟ್ಸ್‌ನ ಎರಡು ಕ್ಯಾರಿಯರ್‌ಗಳನ್ನು (ಪರೀಕ್ಷೆಯ ಸಿಗ್ನಲ್‌ಗಳನ್ನು) ಅದರ ಮೂಲಕ 37ರಲ್ಲಿ ಕೊಡುತ್ತೇವೆ. (ನಿಮ್ಮ ಮೀಟರ್ ಡಿಬಿ ಮೈಕ್ರೊವೋಲ್ಟ್ ತೋರಿಸುವುದಾದರೆ 60 ಕೂಡಿಸಿಕೊಳ್ಳಿರಿ, ಇದೊಂದನ್ನು ಮರೆತು ದಿನವಿಡೀ ಕಂಬ ಹತ್ತಿಳಿದವರನ್ನು ನಾನು ಕಂಡಿದ್ದೇನೆ.) ನೋಡ್‌ನಲ್ಲಿ ಹೀಗೆ ಕೊಟ್ಟಾಗ ಹೆಡ್‌ಎಂಡಿನ ಅನಲೈಸರ್‌ನಲ್ಲಿ ಬಂದ ಓದನ್ನು ಬರೆದಿಟ್ಟುಕೊಂಡು, ಪ್ರತಿ ಆಂಪ್ಲಿಫೈಯರಿನಲ್ಲೂ ಅಷ್ಟನ್ನೇ ಕೊಟ್ಟು, ಹೆಡ್‌ಎಂಡಿನಲ್ಲಿ ಅದೇ ಓದು ಬರುವವರೆಗೆ ಆ ಆಂಪ್ಲಿಫೈಯರಿನ ರಿಟರ್ನ್ ಪ್ಯಾಡ್ ಬದಲಿಸಬೇಕು, ಎರಡು ಕ್ಯಾರಿಯರ್‌ಗಳೂ ಒಂದೇ ಎತ್ತರಕ್ಕೆ ಬರುವಂತೆ ಈಕ್ವಲೈಸರ್ ಹಾಕಬೇಕು. ಒಮ್ಮೆ ಸರಿಯಾದುದನ್ನು ಮತ್ತೆ ಮುಟ್ಟಬಾರದು.

ಸಂಜೆಯೇ ಕಡಿಯುವುದಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ದೀಪ, ಟಿವಿ, ಚಾರ್ಜರ್‌ಗಳು ಉರಿಯತೊಡಗಿದಾಗ ಸಡಿಲ ಕನೆಕ್ಟರುಗಳ ಮೂಲಕ ನಾಯ್ಸ್ ಒಳನುಗ್ಗುತ್ತದೆ, ಅದರಲ್ಲೂ 20 ಮೆಗಾಹರ್ಟ್ಸ್‌ಗಿಂತ ಕೆಳಗೆ. ನಾಲ್ಕು ಕವಲುಗಳ ನಾಯ್ಸ್ ನೋಡ್‌ನಲ್ಲಿ ಒಟ್ಟುಗೂಡುವಾಗಲೇ 6 ಡಿಬಿ ಏರುತ್ತದೆ. ಸಾಲಿನ ಕೊನೆಯ ಕಡಿಮೆ ಡಿಬಿಯ ಟ್ಯಾಪ್‌ಗಳನ್ನು (ಕೇಬಲಿನಿಂದ ಮನೆಗಳಿಗೆ ಕವಲು ಕೊಡುವ ಪೆಟ್ಟಿಗೆ) ಮೊದಲು ನೋಡಿರಿ. 23 ಡಿಬಿಯ ಟ್ಯಾಪ್ ಮನೆಯ ಕಸವನ್ನೂ 23 ಡಿಬಿ ತಗ್ಗಿಸುತ್ತದೆ, 8ರ ಟ್ಯಾಪ್ ಹೆಚ್ಚುಕಡಿಮೆ ಬಾಗಿಲು ತೆರೆದಿಟ್ಟಂತೆ.

ಹಿಂದೊಂದು ಮಳೆಗಾಲದ ಬಳಿಕ ನಮ್ಮ ಒಂದು ನೋಡ್‌ನ ನಾಯ್ಸ್ ಫ್ಲೋರ್ (ನಾಯ್ಸ್‌ನ ತಳಮಟ್ಟ) ಇಡೀ ಬ್ಯಾಂಡಿನಲ್ಲಿ ಎದ್ದು ನಿಂತಿತ್ತು, ಮನೆ ಮನೆ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅಡಿಕೆ ತೋಟದಂಚಿನ ಒಂದು ಆಂಪ್ಲಿಫೈಯರಿನ ಬಳಿ ಕೇಬಲನ್ನು ಬೆರಳಿನಿಂದ ತಟ್ಟಿದಾಗ ಅನಲೈಸರಿನ ಗೆರೆ ಥಟ್ಟನೆ ಇಳಿದು ಮತ್ತೆ ಏರಿತು. ಕನೆಕ್ಟರ್ ಬಿಚ್ಚಿದರೆ ನಡುವಿನ ಪಿನ್ನಿನ ಮೇಲೆ ಹಸಿರು ಕಿಲುಬು. ಅಂಥ ಕಿಲುಬು ಡಯೋಡಿನಂತೆ ವರ್ತಿಸಿ, ಮನೆಗಳತ್ತ ಹೋಗುವ ಚಾನೆಲ್‌ಗಳನ್ನೇ ಬೆರೆಸಿ ರಿಟರ್ನ್‌ನಲ್ಲಿ ನಾಯ್ಸ್ ಹುಟ್ಟಿಸುತ್ತದೆ. ಇದಕ್ಕೆ ಪ್ಯಾಡ್ ಮದ್ದಲ್ಲ. ಕನೆಕ್ಟರ್ ಕತ್ತರಿಸಿ ಹೊಸದು ಹಾಕಿ, ನೀರು ಇಳಿಯದಂತೆ ಸುತ್ತಿದ ಮೇಲೆಯೇ ಆ ನೋಡ್ ತಣ್ಣಗಾಯಿತು.

ಇಂಟರ್ನೆಟ್ ಇಲ್ಲದೆ ಟಿವಿ ಮಾತ್ರ ಇರುವ ಮನೆಗಳ ಡ್ರಾಪ್ ವೈರಿಗೆ, ಟ್ಯಾಪಿನಲ್ಲೇ, ಹೈಪಾಸ್ ಫಿಲ್ಟರ್ (ಮನೆಯಿಂದ ಹಿಂದಕ್ಕೆ ಬರುವ ಕೆಳಗಿನ ಬ್ಯಾಂಡನ್ನು ತಡೆಯುವ ಸಾಧನ) ಹಾಕಿಬಿಡಿರಿ.