ಹೊಸ ಬಲ್ಬ್ ಹಾಕಿದರೂ ಕಾರಿನ ಹೆಡ್‌ಲೈಟ್ ಮಿಣುಕುತ್ತಿದೆ, ಮನೆಯಲ್ಲೇ ಸರಿ ಮಾಡಬಹುದಾ?

ಮಾಡಬಹುದು. ಆದರೆ ಇನ್ನೊಂದು ಬಲ್ಬ್ ತರೋಕೆ ಹೋಗಬೇಡಿ. ಹೊಸದು ಹಾಕಿದ ಮೇಲೂ ಮಿಣುಕುತ್ತಿದೆ ಅಂದರೆ ತೊಂದರೆ ಹೆಚ್ಚಾಗಿ ಬಲ್ಬಿಗೆ ಕರೆಂಟ್ ಬರುವ ದಾರಿಯಲ್ಲಿರುತ್ತದೆ. ನಾನು ನೋಡಿದ ಇಂಥ ಗಾಡಿಗಳಲ್ಲಿ ಜಾಸ್ತಿ ಪಾಲು ಎಲ್ಲೋ ಒಂದು ಜಾಯಿಂಟ್ ಸಡಿಲವಾಗಿರುತ್ತಿತ್ತು, ಇಲ್ಲವೇ ಕಿಲುಬು ಹಿಡಿದಿರುತ್ತಿತ್ತು.

ನೀವು ಒಂದು ಮುಖ್ಯ ವಿಷಯ ಬರೆದಿಲ್ಲ. ಮಿಣುಕೋದು ಒಂದೇ ಕಡೆಯಾ, ಎರಡೂ ಕಡೆ ಒಟ್ಟಿಗಾ? ರಾತ್ರಿ ಗಾಡಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಕಣ್ಣಿಂದಲೇ ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ನೋಡಬೇಡಿ, ಅದರಲ್ಲಿ ಸರಿಯಾಗಿರುವ ಎಲ್‌ಇಡಿ ಕೂಡ ಮಿಣುಕಿದ ಹಾಗೆ ಕಾಣುತ್ತದೆ. ಒಂದೇ ಕಡೆಯಾದರೆ ಆ ಬದಿಯ ಹೋಲ್ಡರ್, ವೈರ್, ಅರ್ತ್ (ಬಲ್ಬಿನಿಂದ ಕಾರಿನ ಬಾಡಿಗೆ ಹೋಗುವ ವೈರ್) ನೋಡಿದರೆ ಸಾಕು. ಎರಡೂ ಒಟ್ಟಿಗೆ ಆದರೆ ಎರಡಕ್ಕೂ ಸೇರಿದ ಜಾಗದಲ್ಲಿ ಹುಡುಕಬೇಕು, ಅಂದರೆ ಬ್ಯಾಟರಿ, ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ), ರಿಲೇ (ಸ್ವಿಚ್ ಹಾಕಿದಾಗ ಲೈಟಿಗೆ ಕರೆಂಟ್ ಬಿಡುವ ಚಿಕ್ಕ ಡಬ್ಬಿ), ಸ್ವಿಚ್.

ಇನ್ನೊಂದು ಪ್ರಶ್ನೆ. ನೀವು ಹಾಕಿದ ಹೊಸ ಬಲ್ಬ್ ಹ್ಯಾಲೊಜೆನ್ ತಾನೇ? ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಹಾಕಿದ್ದರೆ ಅದೇ ಕಾರಣ ಇರಬಹುದು. ಈಗಿನ ಸುಮಾರು ಕಾರುಗಳು ಲೈಟಿಗೆ ಕರೆಂಟನ್ನು ಒಂದೇ ಸಮ ಕೊಡದೆ ಬಿಟ್ಟು ಬಿಟ್ಟು ಕೊಡುತ್ತವೆ. ಹ್ಯಾಲೊಜೆನ್ ತಂತಿ ಅಷ್ಟರೊಳಗೆ ತಣ್ಣಗಾಗುವುದಿಲ್ಲ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಎಲ್‌ಇಡಿ ಅದನ್ನೆಲ್ಲ ತೋರಿಸಿಬಿಡುತ್ತದೆ. ಹಳೆ ಹ್ಯಾಲೊಜೆನ್ ವಾಪಸ್ ಹಾಕಿ ನೋಡಿ. ಹಾಕುವಾಗ ಗಾಜು ಮುಟ್ಟಬೇಡಿ, ಕೈಯ ಜಿಡ್ಡು ಹತ್ತಿದರೆ ಬಲ್ಬ್ ಬೇಗ ಹೋಗುತ್ತದೆ.

ಒಂದೇ ಕಡೆ ಅಂತಾದರೆ, ಲೈಟ್ ಆರಿಸಿ, ತಣ್ಣಗಾಗಲು ಬಿಟ್ಟು, ಬಲ್ಬಿನ ಹಿಂದಿನ ಕನೆಕ್ಟರ್ ಎಳೆದು ತೆಗೆಯಿರಿ. ಟಾರ್ಚ್ ಹಿಡಿದು ಒಳಗೆ ನೋಡಿ. ಪ್ಲಾಸ್ಟಿಕ್ ಒಂದು ತೂತಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿದೆಯಾ, ಒಳಗಿನ ಲೋಹ ಕಪ್ಪಾಗಿದೆಯಾ, ಸುಟ್ಟ ವಾಸನೆ ಬರುತ್ತದಾ? ಹಾಗಿದ್ದರೆ ಕಳ್ಳ ಸಿಕ್ಕ. 55 ವಾಟ್ ಬಲ್ಬ್ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಜಾಯಿಂಟಿನಲ್ಲಿ ಬರೀ 0.1 ಓಮ್ ತಡೆ ಇದ್ದರೂ ಹತ್ತಿರ ಅರ್ಧ ವೋಲ್ಟ್ ಅಲ್ಲೇ ಹೋಯಿತು, ಎರಡು ವಾಟ್ ಶಾಖ ಆ ಚಿಕ್ಕ ಪಿನ್ ಮೇಲೆ ಬಿತ್ತು. ಬಿಸಿಗೆ ಪಿನ್ನಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನೂ ಬಿಸಿಯಾಗುತ್ತದೆ. ಬೆಳಕಿನ ವಿಷಯಕ್ಕೆ ಬಂದರೆ, ಹ್ಯಾಲೊಜೆನ್‌ಗೆ ವೋಲ್ಟೇಜ್ ಶೇ. 5 ಕಮ್ಮಿಯಾದರೆ ಬೆಳಕು ಶೇ. 15ರಷ್ಟು ಕಮ್ಮಿಯಾಗುತ್ತದೆ. ಕಣ್ಣಿಗೆ ಅಷ್ಟು ಎದ್ದು ಕಾಣೋದು ಅದಕ್ಕೇ.

ಬರೀ ಕಿಲುಬಾದರೆ ಉಪ್ಪು ಕಾಗದದಲ್ಲಿ ಮೆಲ್ಲಗೆ ಉಜ್ಜಿ ತೆಗೆಯಬಹುದು. ಸುಟ್ಟ ಕನೆಕ್ಟರ್ ಉಜ್ಜಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸದು ಹಾಕಿ, ಸೆರಾಮಿಕ್ ಸಿಕ್ಕರೆ ಒಳ್ಳೆಯದು. ಕತ್ತರಿಸುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಯಾವ ವೈರ್ ಯಾವ ತೂತಿಗೆ ಅಂತ ಫೋಟೊ ತೆಗೆದುಕೊಳ್ಳಿ. ಎಲ್ಲ ವೈರನ್ನೂ ಒಂದೇ ಉದ್ದಕ್ಕೆ ಕತ್ತರಿಸಬೇಡಿ, ಮೇಲೆ ಕೆಳಗೆ ಮಾಡಿ, ಆಗ ಜಾಯಿಂಟುಗಳು ಒಂದಕ್ಕೊಂದು ತಾಗುವುದಿಲ್ಲ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿ ವೈರ್ ಇಟ್ಟು ಒತ್ತಿ ಬಿಗಿ ಮಾಡಿ), ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಸುಮ್ನೆ ವೈರ್ ತಿರುಚಿ ಟೇಪ್ ಸುತ್ತಿದರೆ ಮತ್ತೆ ಇದೇ ಕಥೆ.

ಕನೆಕ್ಟರ್ ಚೆನ್ನಾಗಿದ್ದರೆ ಅರ್ತ್ ನೋಡಿ. ಇಲ್ಲಿ ಎಲ್ಲರೂ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಕೂಗಿತು, ವೈರ್ ಸರಿ ಇದೆ ಅಂದುಬಿಡುತ್ತಾರೆ. ಆ ಬೀಪ್ ನಂಬಬೇಡಿ. ವೈರಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು ಕೂಗುತ್ತದೆ, ಯಾಕೆಂದರೆ ಮೀಟರ್ ಕಳಿಸೋ ಕರೆಂಟ್ ಏನೇನೂ ಅಲ್ಲ. ಲೈಟ್ ಉರಿಯುತ್ತಿರುವಾಗಲೇ ಅಳೆಯಬೇಕು. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಕನೆಕ್ಟರಿನ ಹಿಂಬದಿಯಿಂದ ಅರ್ತ್ ಪಿನ್‌ಗೆ. 0.2 ವೋಲ್ಟ್ ಒಳಗಿದ್ದರೆ ಸರಿ. ಜಾಸ್ತಿ ಬಂದರೆ ಅರ್ತ್ ಬೋಲ್ಟ್ ಬಿಚ್ಚಿ, ಕೆಳಗಿನ ಪೇಂಟು, ತುಕ್ಕು ಕೆರೆದು, ಹೊಳೆಯುವ ಲೋಹದ ಮೇಲೆ ಬಿಗಿ ಮಾಡಿ, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿ. ಹೀಗೇ ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಪಿನ್‌ವರೆಗೂ ಅಳೆಯಿರಿ, ಅರ್ಧ ವೋಲ್ಟ್ ದಾಟಬಾರದು. ಅಳೆಯುತ್ತಲೇ ವೈರನ್ನು ಅಲ್ಲಲ್ಲಿ ಹಿಡಿದು ಅಲುಗಾಡಿಸಿ, ಅಂಕಿ ಎಲ್ಲಿ ಕುಣಿಯುತ್ತದೋ ಅಲ್ಲೇ ರೋಗ.

ಎರಡೂ ಲೈಟ್ ಒಟ್ಟಿಗೆ ಅಂತಾದರೆ ಮೊದಲು ಬ್ಯಾಟರಿ ಟರ್ಮಿನಲ್ ಕೈಯಲ್ಲಿ ತಿರುಗಿಸಿ ನೋಡಿ. ತಿರುಗಿದರೆ ಬಿಗಿ ಮಾಡಿ, ಅರ್ಧ ಜನಕ್ಕೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ ಅಂತ ನನ್ನ ಅಂದಾಜು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ನಿಂತಿರುವಾಗ 12.6 ವೋಲ್ಟ್ ಹತ್ತಿರ ತೋರಿಸಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಆಕ್ಸಿಲರೇಟರ್ ಒತ್ತಿದ ಹಾಗೆ ಮಿಣುಕುವ ವೇಗವೂ ಬದಲಾದರೆ ಆಲ್ಟರ್ನೇಟರ್ ಮೇಲೆ ಅನುಮಾನ ಪಡಿ. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಗೆ ಇಟ್ಟಾಗ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಆಲ್ಟರ್ನೇಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಹೋಗಿರುವ ಸಾಧ್ಯತೆ ಹೆಚ್ಚು. ಆಲ್ಟರ್ನೇಟರ್ ಬಿಚ್ಚೋದು ಅಂಗಡಿಯವರಿಗೇ ಬಿಡಿ. ಎಂಜಿನ್ ಓಡುವಾಗ ಬ್ಯಾಟರಿ ವೈರ್ ತೆಗೆದು ಆಲ್ಟರ್ನೇಟರ್ ಟೆಸ್ಟ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ವೋಲ್ಟೇಜ್ ಹಾರಿ ಕಾರಿನ ಕಂಪ್ಯೂಟರೇ ಸುಟ್ಟುಹೋಗಬಹುದು.

ಮಿಣುಕೋದಲ್ಲ, ಪೂರ್ತಿ ಆರಿ ಆರಿ ಹತ್ತುತ್ತದೆ ಅಂದರೆ ರಿಲೇ ನೋಡಿ. ಅದೇ ಫ್ಯೂಸ್ ಬಾಕ್ಸಿನಲ್ಲಿ ಅದೇ ನಂಬರಿನ ಬೇರೆ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು, ಖರ್ಚಿಲ್ಲ.

ನಿಮ್ಮದು ಕ್ಸೆನಾನ್ ಲೈಟ್ ಆಗಿದ್ದರೆ ಮಾತ್ರ ಮೇಲಿನ ಯಾವುದಕ್ಕೂ ಕೈ ಹಾಕಬೇಡಿ. ಹತ್ತುವ ಕ್ಷಣದಲ್ಲಿ ಅದರಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ.